ಹಲಗೆಗೆ ಇಷ್ಟವಾದ ಸ್ವರ

"ಬಲಕ್ಕೆ, ಇನ್ನೂ ಬಲಕ್ಕೆ. ಕಾಲ ಕಡೆಯವರು ಸ್ವಲ್ಪ ಎತ್ತಿ," ಎನ್ನುತ್ತ ಮೈದುನ ಹಿಮ್ಮುಖವಾಗಿ ನಡೆಯುತ್ತಿದ್ದ. ಮುಂಬಾಗಿಲ ಮೆಟ್ಟಿಲು ಇಕ್ಕಟ್ಟು. ಹಾಗಾಗಿ ಅಣ್ಣನ ದೇಹವನ್ನು ಅವನು ಗಿಟಾರ್ ಮಾಡುತ್ತಿದ್ದ ಕೆಲಸದ ಕೋಣೆಯ ಮೂಲಕವೇ ಬೀದಿಗೆ ತರಬೇಕಾಗಿತ್ತು. ಹೊತ್ತವರು ಮೇಜು, ಅಂಟಿನ ಡಬ್ಬಿಗಳನ್ನು ತಪ್ಪಿಸಿಕೊಂಡು ಅಡ್ಡಡ್ಡ ಸರಿದರು. ಬಾಗಿಲ ಹತ್ತಿರ ಒಬ್ಬನ ಮೊಣಕೈ ಗೋಡೆಗೆ ನೇತುಹಾಕಿದ್ದ ಹೊಸ ಗಿಟಾರಿಗೆ ತಾಗಿತು. ದಪ್ಪ ತಂತಿಯೊಂದು ಗುಂ ಎಂದು ಉಬ್ಬಿ, ಕೂಡಲೇ ನಿಂತುಹೋಯಿತು.

ಹಿಂದೆ ಬರುತ್ತಿದ್ದ ಸತ್ತವನ ಹೆಂಡತಿ ತಡೆದು ನಿಂತಳು. ಇಂಥ ಹೊತ್ತಿನಲ್ಲಿ ಇದೇನು ಯೋಚನೆ ಎಂದು ತನ್ನನ್ನೇ ಗದರಿಕೊಂಡಳು. ಆದರೆ ಕಿವಿ ಅವಳ ಮಾತು ಕೇಳಬೇಕಲ್ಲ. ಅಷ್ಟು ಬೇಗ ಅಡಗಬಾರದಾಗಿತ್ತು ಆ ದನಿ.

ಸತ್ತವನನ್ನು ಬೀದಿಯವರು ಮಿಲಿಮೀಟರ್ ಎಂದು ಕರೆಯುತ್ತಿದ್ದರು. ಮಣ್ಣು ಮಾಡುವ ಜಾಗದಲ್ಲಿ ಯಾರೋ ಗುಂಡಿ ಚಿಕ್ಕದಾಯಿತೇನೋ ಎಂದು ಅನುಮಾನಪಟ್ಟಾಗ ಪಕ್ಕದ ಅಂಗಡಿಯ ಟೈಲರ್, "ಚಿಕ್ಕದಾಗಿದ್ರೆ ಮಿಲಿಮೀಟರ್ ಸುಮ್ನೆ ಮಲಗಿರ್ತಿದ್ನಾ? ಎದ್ದು ಟೇಪ್ ಹಿಡೀತಿದ್ದ," ಎಂದ. ನಾಲ್ಕೈದು ಜನ ನಕ್ಕು, ಕೆಮ್ಮಿ ಮುಚ್ಚಿಹಾಕಿದರು. ಅವಳಿಗೂ ನಗು ಬಂತು. ಬಂದದ್ದಕ್ಕೆ ಸಂಕಟವಾಯಿತು.

ಜನರ ಅಂಚಿನಲ್ಲಿ ಖಾಲಿ ಗಿಟಾರ್ ಪೆಟ್ಟಿಗೆ ಹಿಡಿದು ಒಬ್ಬ ಯುವತಿ ನಿಂತಿದ್ದಳು. ದೂರದ ಊರಿನ ವಾದಕಿ. ಇವತ್ತು ಬಂದು ಗಿಟಾರ್ ತೆಗೆದುಕೊಂಡು ಹೋಗು ಎಂದು ಅವನೇ ಹೇಳಿದ್ದನಂತೆ. ಬೆಳಿಗ್ಗೆ ಬಂದವಳಿಗೆ ಬಾಗಿಲಲ್ಲಿ ಕಂಡದ್ದು ಚಪ್ಪಲಿಗಳ ರಾಶಿ. ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ತೋಚದೆ ಇಲ್ಲಿಯವರೆಗೂ ಹೊತ್ತುಕೊಂಡೇ ಬಂದಿದ್ದಳು.

ಮನೆಗೆ ಮರಳುವ ದಾರಿಯಲ್ಲಿ ಮೈದುನನೇ ವಿಷಯ ಎತ್ತಿದ. ಹುಡುಗಿಗೆ ಸಂಜೆಯ ಬಸ್ಸು ಹಿಡಿಯಬೇಕಂತೆ, ವಾದ್ಯ ಹೇಗೂ ಸಿದ್ಧವಾಗಿದೆ, ಪಾಲಿಶ್ ಕೂಡ ಆಗಿದೆ, ಒಳಗೆ ಅಣ್ಣನ ಹೆಸರಿನ ಚೀಟಿ ಅಂಟಿಸಿ ಕೊಟ್ಟುಬಿಡೋಣ ಎಂದ. ಆ ಚೀಟಿಯನ್ನು ಗಂಡ ಕಟ್ಟಕಡೆಗೆ ಅಂಟಿಸುತ್ತಿದ್ದ, ತನ್ನ ಮನಸ್ಸಿಗೆ ಒಪ್ಪಿದ ಮೇಲೆ. ಒಪ್ಪದ ವಾದ್ಯ ಚೀಟಿಯಿಲ್ಲದೆ ಮೂಲೆ ಸೇರುತ್ತಿತ್ತು. ಈ ಗಿಟಾರಿನ ಒಳಗೆ ಚೀಟಿ ಇರಲಿಲ್ಲ.

"ಅಣ್ಣಂಗೆ ಟೈಮ್ ಸಿಗಲಿಲ್ಲ ಅಷ್ಟೇ ಅತ್ತಿಗೆ," ಎಂದ ಮೈದುನ. "ಕೊನೇದು. ಅವನ ಹೆಸರಿಲ್ದೆ ಕಳಿಸೋಕೆ ನಿಮಗೆ ಮನಸ್ಸು ಬರುತ್ತಾ?"

ಸಮಯ ಸಿಗಲಿಲ್ಲವೋ, ಮನಸ್ಸು ಒಪ್ಪಲಿಲ್ಲವೋ. ಅವಳಿಗೆ ಗೊತ್ತಿರಬೇಕಾಗಿತ್ತು. ಒಂದು ಕಾಲದಲ್ಲಾಗಿದ್ದರೆ ಗೊತ್ತಿರುತ್ತಿತ್ತು.

*

ಮದುವೆಯಾದ ಹೊಸದರಲ್ಲಿ ಅವನು ತೆಳ್ಳಗೆ ಕೀಸಿದ ಹಲಗೆಯನ್ನು ಎರಡು ಬೆರಳಲ್ಲಿ ತೂಗಿ ಹಿಡಿದು, ಗೆಣ್ಣಿನಿಂದ ತಟ್ಟಿ, "ಹೇಗಿದೆ?" ಎನ್ನುತ್ತಿದ್ದ. ಮರ ಕೊಯ್ಯುವ ಯಂತ್ರದ ಪಕ್ಕದಲ್ಲಿ ಹರೆಯ ಕಳೆದವನು. ಸಣ್ಣ ದನಿಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತು. ಮೊದಲ ಸಲ ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: "ಮಂಕಾಗಿದೆ. ಒದ್ದೆ ಬಟ್ಟೆ ತಟ್ಟಿದ ಹಾಗೆ."

ಅವನು ಹಲಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದ. ಆ ವಾರವೆಲ್ಲ ಮನೆಯಲ್ಲಿ ಮಾತಿರಲಿಲ್ಲ. ತಟ್ಟೆ ಇಟ್ಟ ಸದ್ದಿಗೂ ಅವಳು ಬೆಚ್ಚುತ್ತಿದ್ದಳು. ಮುಂದಿನ ಹಲಗೆಗೆ "ಚೆನ್ನಾಗಿದೆ" ಎಂದಳು. ಅದರ ಮುಂದಿನದಕ್ಕೂ ಅದೇ. ಆಮೇಲಾಮೇಲೆ ಒಲೆಯ ಮುಂದಿನಿಂದ ತಿರುಗಿ ಸಹ ನೋಡದೆ ಹೇಳುವಷ್ಟು ರೂಢಿಯಾಯಿತು. ಕಿವಿಗೆ ಎಲ್ಲ ತಿಳಿಯುತ್ತಿತ್ತು. ನಾಲಿಗೆ ಮನೆಯ ನೆಮ್ಮದಿ ಕಾಯುತ್ತಿತ್ತು.

ಮಾರಿದ ಗಿಟಾರುಗಳಲ್ಲಿ ಕೆಲವು ತಿರುಗಿ ಬಂದವು. ಕೆಳಗಿನ ಸ್ವರಗಳಲ್ಲಿ ಸರಿಯಿರುವ ಶ್ರುತಿ ಗಿಟಾರಿನ ಕುತ್ತಿಗೆಗುಂಟ ಮೇಲಿನ ಸ್ವರಗಳಿಗೆ ಹೋದಂತೆ ಜಾರುತ್ತದೆ ಎಂದು ದೂರು. ಕೂದಲು ನರೆಯತೊಡಗಿದ್ದವನು ಹಿಂದಿನ ಬೀದಿಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರ ಮುಂದೆ ಶಾಲೆಯ ಮಗುವಿನ ಹಾಗೆ ಹೋಗಿ ಕೂತ. ಉಳಿದ ತಂತಿಯ ಉದ್ದವನ್ನು ಹದಿನೆಂಟರಿಂದ ಭಾಗಿಸು, ಬಂದಷ್ಟು ದೂರಕ್ಕೆ ಮುಂದಿನ ಮೆಟ್ಟಿಲಿನ ಲೋಹದ ಪಟ್ಟಿ ಕೂರಿಸು. ಇದು ಅವನಿಗೆ ಕೆಲಸ ಕಲಿಸಿದವನು ಹೇಳಿಕೊಟ್ಟ ಲೆಕ್ಕ. ಮೇಷ್ಟ್ರು ಒಪ್ಪಲಿಲ್ಲ. "ಹನ್ನೆರಡು ಮೆಟ್ಟಿಲು ಹತ್ತಿದ್ರೆ ಸ್ವರ ಎರಡರಷ್ಟಾಗಬೇಕು. ಒಂದೊಂದು ಮೆಟ್ಟಿಲೂ ಒಂದೇ ಪಾಲು ಏರಬೇಕು. ಯಾವ ಸಂಖ್ಯೆನ ಹನ್ನೆರಡು ಸಲ ಬರೆದು ಗುಣಿಸಿದ್ರೆ ಎರಡು ಬರುತ್ತೆ? ಹುಡುಕ್ಕೊಂಡು ಬಾ," ಎಂದು ಅಟ್ಟಿದರು.

ಅವನು ಹುಡುಕಿದ. ಗೋಡೆಯ ಮೇಲೆ, ಸಕ್ಕರೆಯ ಪೊಟ್ಟಣದ ಮೇಲೆ, ಅವಳು ಒಣಹಾಕಿದ ಬಿಳಿ ದುಪ್ಪಟಿಯ ಅಂಚಿನ ಮೇಲೂ. ಭಾಗಿಸಬೇಕಾದದ್ದು ಹದಿನೆಂಟರಿಂದಲ್ಲ, ಹದಿನೆಂಟಕ್ಕೆ ಕೂದಲೆಳೆಯಷ್ಟು ಕಡಿಮೆಯ ಸಂಖ್ಯೆಯಿಂದ ಎಂದು ತಿಳಿದ ದಿನ ಮದುಮಗನ ಮುಖ ಹೊತ್ತು ಮನೆಗೆ ಬಂದ. ಅಂದಿನಿಂದ ಅಳತೆಯ ಹುಚ್ಚು ಹಿಡಿಯಿತು. ಮಿಲಿಮೀಟರ್ ಎಂಬ ಹೆಸರು ಬಿದ್ದದ್ದೂ ಆಗಲೇ.

ಒಂದು ಮಧ್ಯಾಹ್ನ ಮೇಷ್ಟ್ರು ಧ್ವನಿವರ್ಧಕ ತಂದು ಹಲಗೆಯ ಕೆಳಗಿಟ್ಟರು. ಅವಳ ಡಬ್ಬಿಯಿಂದ ಒಣ ಟೀ ಪುಡಿ ತೆಗೆದು ಹಲಗೆಯ ಮೇಲೆ ಉದುರಿಸಿದರು. ಸ್ವರ ಏರಿಸಿದಂತೆ ಪುಡಿ ಕುಣಿದು, ಅದುರದ ಕಡೆಗೆ ಸರಿದು, ಗೆರೆಯಾಗಿ ನಿಲ್ಲುತ್ತಿತ್ತು. ಒಳ್ಳೆಯ ಹಲಗೆಯಲ್ಲಿ ಗೆರೆ ದುಂಡಗೆ ಕೂಡಿಕೊಳ್ಳುತ್ತದೆ ಎಂದರು. ಅವಳೂ ಬಾಗಿ ನೋಡುತ್ತಿದ್ದಳು. ಟೀ ಪುಡಿಗೆ ಇಷ್ಟು ಕುಣಿತ ಬರುತ್ತದೆಂದು ಗೊತ್ತಿದ್ದರೆ ಕುದಿಸುತ್ತಿರಲಿಲ್ಲ ಎಂದು ತಮಾಷೆಯನ್ನೂ ಮಾಡಿದಳು.

ಆ ಹಲಗೆಯಲ್ಲಿ ಗೆರೆ ಕೂಡಲಿಲ್ಲ. ಒಂದು ಬದಿಯಲ್ಲಿ ಮುರಿದು, ಪುಡಿ ಗುಪ್ಪೆಯಾಗಿ ನಿಂತಿತು.

ಹಿಂದಿನ ದಿನವಷ್ಟೇ ಅದನ್ನು ತಟ್ಟಿ ಕೇಳಿದ್ದ. ಚೆನ್ನಾಗಿದೆ ಎಂದಿದ್ದಳು.

ಅವನು ಹಲಗೆಯಿಂದ ಕಣ್ಣೆತ್ತಿ ಅವಳನ್ನು ನೋಡಿದ. ಕೋಪವಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. ಇಷ್ಟು ವರ್ಷದ ಹಲಗೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿರುವವನ ಹಾಗೆ ಸುಮ್ಮನೆ ನೋಡಿದ.

"ಇನ್ಮೇಲೆ ನಿನಗೆ ಆ ತೊಂದ್ರೆ ಕೊಡಲ್ಲ," ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಕೊಡಲೂ ಇಲ್ಲ. ಗಿಟಾರುಗಳು ಚೆನ್ನಾದವು, ಹೆಸರು ಬಂತು. ಅವಳು ಒಲೆಯ ಮುಂದೆ ಕಿವಿಗೊಟ್ಟು ಕಾಯುತ್ತಿದ್ದಳು. ಗೆಣ್ಣಿನ ಸದ್ದು ಕೇಳುತ್ತಿತ್ತು, ಆದರೆ ಅದರ ಹಿಂದೆ ಬರಬೇಕಾದ ಪ್ರಶ್ನೆ ಬರುತ್ತಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಬಂದವರು ಚದುರಿದ್ದರು. ಕೆಲಸದ ಕೋಣೆಯಲ್ಲಿ ನಾಲ್ವರೇ ಉಳಿದಿದ್ದರು. ಮೈದುನ ಚೀಟಿಯ ಬೆನ್ನಿಗೆ ಅಂಟು ಹಚ್ಚಲು ಕುಂಚ ಅದ್ದಿ ಕಾಯುತ್ತಿದ್ದ. ಮೇಷ್ಟ್ರು ಸ್ಟೂಲಿನ ಮೇಲೆ ಊರುಗೋಲಿಗೆ ಗದ್ದ ಕೊಟ್ಟು ಕೂತಿದ್ದರು. ಅಳತೆಗಳನ್ನು ತಾವೇ ಜೊತೆಗಿದ್ದು ನೋಡಿದ್ದಾಗಿಯೂ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲವೆಂದೂ ಹೇಳಿದರು. ಹಲಗೆಯನ್ನು ಗಿಟಾರಿನ ಒಡಲಿಗೆ ಅಂಟಿಸಿ ತಂತಿ ಬಿಗಿದ ಮೇಲೆ ಅದರ ಗುಣ ಮತ್ತೆ ಬದಲಾಗುತ್ತದೆ, ಅದನ್ನು ಮಾತ್ರ ಕಿವಿಯೇ ಹೇಳಬೇಕು ಎಂದು ಸೇರಿಸಿದರು. ತಮ್ಮ ಕಿವಿ ಮಂದವಾಗಿ ಬಹಳ ಕಾಲವಾಯಿತು ಎಂದೂ ಅಂದರು.

ವಾದಕಿ ನುಡಿಸಿದಳು. ಸಾವಿನ ಮನೆಯೆಂದು ಹಾಡಿನ ಗೋಜಿಗೆ ಹೋಗದೆ ಒಂದೊಂದೇ ಸ್ವರ ಮೀಟುತ್ತ ಹೋದಳು. ದನಿ ತುಂಬಿ ಬಂತು. ನಾಲ್ಕನೆಯ ದಪ್ಪ ತಂತಿಯನ್ನು ಬೆರಳೊತ್ತದೆ ಮೀಟಿದಾಗ ಬಂದ ಸ್ವರ ಮಾತ್ರ, ಬೆಳಿಗ್ಗೆ ಮೊಣಕೈ ತಾಗಿದಾಗಿನಂತೆಯೇ, ಗುಂ ಎಂದು ಉಬ್ಬಿತು, ಮತ್ತೆ ಯಾರೋ ಅಂಗೈ ಮುಚ್ಚಿದ ಹಾಗೆ ಇಲ್ಲವಾಯಿತು. ವಾದಕಿ ಅದನ್ನು ಮತ್ತೊಮ್ಮೆ ಮೀಟಿದಳು. ಮುಂದಿನ ತಂತಿಗೆ ಹೋದಳು. ಇವತ್ತು ಯಾರೂ ಏನೂ ಹೇಳುವ ಹಾಗಿರಲಿಲ್ಲ.

"ಹೇಗಿದೆ ಅತ್ತಿಗೆ?" ಎಂದ ಮೈದುನ, ಉತ್ತರ ಗೊತ್ತಿದ್ದವನಂತೆ ಕುಂಚ ಎತ್ತುತ್ತ.

ಎಷ್ಟೋ ವರ್ಷಗಳ ಮೇಲೆ ಆ ಮಾತು ಈ ಕೋಣೆಯಲ್ಲಿ ಕೇಳಿತು. ಅವಳ ಬಾಯಿಗೆ ಹಳೆಯ ಪದ ತಾನಾಗಿ ಬಂದು ನಿಂತಿತು. ಅದನ್ನು ಆಡಿಬಿಟ್ಟರೆ ಎಲ್ಲರಿಗೂ ಸಲೀಸು. ಹುಡುಗಿಗೆ ಬಸ್ಸು ಸಿಗುತ್ತದೆ, ಅವನ ಹೆಸರು ಕೊನೆಯ ಕೆಲಸದ ಮೇಲಿರುತ್ತದೆ.

"ಚೆನ್ನಾಗಿಲ್ಲ," ಎಂದಳು.

ಕುಂಚ ಗಾಳಿಯಲ್ಲೇ ನಿಂತಿತು. "ಅತ್ತಿಗೆ, ಇವತ್ತು..."

"ಇವತ್ತೇ ಹೇಳ್ಬೇಕು. ಆ ಒಂದು ಸ್ವರ ಉಳಿಯಲ್ಲ. ಬರುತ್ತೆ, ಸತ್ತು ಹೋಗುತ್ತೆ. ನಿಮ್ಮಣ್ಣ ಇದಕ್ಕೆ ಹೆಸರು ಹಾಕಿಲ್ಲ. ನೀನೂ ಹಾಕ್ಬೇಡ."

ಮೈದುನ ವಾದಕಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿಕೊಂಡೇ, "ಹೌದಣ್ಣ," ಎಂದಳು. "ನನಗೂ ಹಾಗೇ ಅನ್ನಿಸ್ತು. ಹೇಳೋದು ಹೇಗೆ ಅಂತ..."

ಮೈದುನ ಚೀಟಿಯನ್ನು ಮೇಜಿನ ಸೆಳೆಖಾನೆಗೆ ಹಾಕಿ ಮುಚ್ಚಿದ. ಮುಖ ಸಣ್ಣದಾಗಿತ್ತು.

ಮೇಷ್ಟ್ರು ಮಾತ್ರ ನೆಟ್ಟಗೆ ಕೂತರು. ಹಲಗೆಗೂ ಇಷ್ಟವಾದ ಒಂದು ಸ್ವರವಿರುತ್ತದೆ, ತಂತಿ ಅದನ್ನೇ ಮೀಟಿದರೆ ಹಲಗೆ ಆ ಶಕ್ತಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ ಎಂದು ವಿವರಿಸಿದರು. ಒಳಗೆ ಅಂಟಿಸಿದ ಆಸರೆಪಟ್ಟಿಯೊಂದನ್ನು ಚೂರು ಸವೆಸಿದರೆ ಹಲಗೆಯ ಇಷ್ಟ ಎರಡು ಸ್ವರಗಳ ನಡುವಿನ ಸಂದಿಗೆ ಸರಿಯುತ್ತದೆ. ಅವನು ಅದನ್ನೇ ಮಾಡುವವನಿದ್ದನೇನೋ. "ಸ್ವಲ್ಪ ಹೆಚ್ಚಾದ್ರೆ ಹಲಗೆ ಕುಸಿಯುತ್ತಮ್ಮ," ಎಂದರು. "ಹಾಕೋಕಂತೂ ಬರಲ್ಲ, ತೆಗೆಯೋದಷ್ಟೇ."

"ಎಷ್ಟು ತೆಗೀಬೇಕು ಮೇಷ್ಟ್ರೇ?"

"ಅವನು ಸವೆಸ್ತಾ ಸವೆಸ್ತಾ ಕೇಳ್ತಿದ್ದ. ನಾನು ಕೂತು ಹೇಳೋ ಲೆಕ್ಕ ಅಲ್ಲ ಅದು."

ಅವಳು ವಾದಕಿಗೆ ತಂತಿಗಳನ್ನು ಸಡಿಲಿಸಲು ಹೇಳಿದಳು. ಬಳೆ ತೆಗೆದಿಟ್ಟು, ಉಪ್ಪುಕಾಗದದ ಚೂರನ್ನು ಎರಡು ಬೆರಳಿಗೆ ಸುತ್ತಿಕೊಂಡಳು. ಜೋತುಬಿದ್ದ ತಂತಿಗಳನ್ನು ಪಕ್ಕಕ್ಕೆ ಸರಿಸಿ, ದುಂಡು ಕಿಂಡಿಯೊಳಗೆ ಕೈ ಇಳಿಸಿದಳು. ಅವನ ಕೈ ಕಷ್ಟಪಟ್ಟು ತೂರುತ್ತಿದ್ದ ಕಿಂಡಿ ಅದು. ಅವಳದು ಮಣಿಕಟ್ಟು ದಾಟಿ ಸಲೀಸಾಗಿ ಹೋಯಿತು.

ಒಳಗೆ ಕತ್ತಲು, ಹೊಸ ಮರದ ತಣ್ಣನೆಯ ಮೈ. ಬೆರಳಿಗೆ ಒಂದು ಪಟ್ಟಿ ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು. ಅದರ ಬೆನ್ನಿನ ಮೇಲೆ ಉಳಿಯ ಚಿಕ್ಕ ಚಿಕ್ಕ ಗಾಯಗಳು, ಒಂದರ ಹಿಂದೊಂದು, ಒಂದು ಕಡೆ ಬಂದು ನಿಂತಿದ್ದವು. ಅಲ್ಲಿಂದಾಚೆ ಅವನ ಉಳಿ ಮುಟ್ಟದ ನುಣುಪು. ಅವಳು ಬೆರಳನ್ನು ಆ ಕೊನೆಯ ಗಾಯದ ಮೇಲಿಟ್ಟಳು.

ಮೈದುನ, ಮೇಷ್ಟ್ರು, ವಾದಕಿ ಮೂವರೂ ಉಜ್ಜುವ ಸದ್ದಿಗಾಗಿ ಕಾದರು. ಹೊರಗೆ ಬಸ್ಸೊಂದು ಹೋಯಿತು. ಗಿಟಾರಿನ ಹೊಟ್ಟೆಯೊಳಗೆ ಕೈಯಿಟ್ಟು, ಮುಖವನ್ನು ಒಂದು ಬದಿಗೆ ತಿರುಗಿಸಿ, ಅವನ ಹಳೆಯ ಪ್ರಶ್ನೆಗೆ ಕಿವಿಗೊಟ್ಟು ಕಾಯುವವಳ ಹಾಗೆ ಅವಳು ನಿಂತೇ ಇದ್ದಳು. ಕಾಗದ ಒಮ್ಮೆಯೂ ಸರಿಯಲಿಲ್ಲ.