ರೀಲಿನ ಎರಡನೇ ಬದಿ

ಕಪ್ಪು ರೀಲು ಸುಳ್ಳು ಹೇಳುವುದಿಲ್ಲ. ನನ್ನ ಕ್ಯಾಮೆರಾಕ್ಕೆ ಹಾಕುವ ಎಂಟು ಮಿಲಿಮೀಟರಿನ ಫಿಲ್ಮು ಹದವಾಗಿ ಬೆಳಕು ಕಂಡರೆ ತೊಳೆದ ಮೇಲೆ ಚಿತ್ರವಾಗುತ್ತದೆ, ಅತಿಯಾಗಿ ಕಂಡರೆ ಬಿಳಿಚಿಕೊಳ್ಳುತ್ತದೆ, ಕಾಣದೇ ಇದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಬಾವಲಿ ಅಣ್ಣ ತೊಳೆದು ಕೊಟ್ಟ ಡಬ್ಬಿಯಲ್ಲಿ ಎರಡು ಸುರುಳಿಗಳಿದ್ದವು. ಒಂದರಲ್ಲಿ ಕಾರ್ಖಾನೆಯ ಗೇಟಿನಿಂದ ಹೊರಬರುವ ಹೆಂಗಸರು, ಎಲ್ಲರೂ ಬಿಳಿಚಿಕೊಂಡು. ಕಾರ್ಖಾನೆಯ ಹಿಂದಿನ ಬಾಗಿಲಿರಬೇಕಾಗಿದ್ದ ಇನ್ನೊಂದು ಸುರುಳಿ ಮೊದಲಿನಿಂದ ಕೊನೆಯವರೆಗೆ ಇದ್ದಿಲು. ಆ ಬಾಗಿಲಿನ ಮುಂದೆ ಮಂಡಿಯೂರಿ ಕ್ಯಾಮೆರಾ ಓಡಿಸಿದವಳು ನಾನೇ. ಅಂದಮೇಲೆ ಇದು ನನ್ನ ಫಿಲ್ಮಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿದೆ.

ನನ್ನನ್ನು ಅನುಮಾನದ ಗಿರಾಕಿ ಎನ್ನುವವರು ಸ್ವಲ್ಪ ಕೇಳಿಸಿಕೊಳ್ಳಲಿ. ಕೊಡೆ ಕಾರ್ಖಾನೆಗೆ ಬೆಂಕಿ ಬಿದ್ದು ಎರಡು ವರ್ಷವಾಯಿತು. ಒಂಬತ್ತು ಹೆಂಗಸರು ಹಿಂದಿನ ಬಾಗಿಲಿನ ಹತ್ತಿರ ಸಿಕ್ಕರು. ಅವರಲ್ಲೊಬ್ಬಳು ನನ್ನ ಚಿಕ್ಕಮ್ಮ. ಅಮ್ಮ ಹೋದಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಬಾಗಿಲು ತೆರೆದೇ ಇತ್ತು, ಹೊಗೆಯಲ್ಲಿ ಅವರಿಗೆ ಕಾಣಲಿಲ್ಲ ಎಂದು ಕಂಪನಿ ಬರೆದುಕೊಟ್ಟಿತು. ಅದರ ಕೆಳಗೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ಎದುರುಮನೆಯಾಕೆ ಹಾಕಿದಳು, ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಹಾಕಿದರು, ಕೊನೆಗೆ ಚಿಕ್ಕಪ್ಪನೂ ಹಾಕಿದ. ಅಂದಿನಿಂದ ಯಾರು ನಕ್ಕರೂ ನನಗೆ ಹಲ್ಲು ಮಾತ್ರ ಕಾಣುತ್ತದೆ.

ಸಾಕ್ಷ್ಯಚಿತ್ರ ಮಾಡುತ್ತೇನೆಂದು ಹೊರಟಾಗ ಎಲ್ಲರೂ ಮೊಬೈಲಿನಲ್ಲಿ ತೆಗಿ ಎಂದರು. ಮೊಬೈಲಿನಲ್ಲಿ ತೆಗೆದರೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದು ಎಂದು ತಳ್ಳಿಹಾಕುತ್ತಾರೆ. ರೀಲನ್ನಾದರೆ ಸೂರ್ಯನಿಗೆ ಹಿಡಿದು, ನೋಡ್ಕೊಳ್ಳಿ ಎನ್ನಬಹುದು. ಅಲ್ಲದೆ ಗೇಟಿನಲ್ಲಿ ಮೊಬೈಲು ಕಿತ್ತಿಟ್ಟುಕೊಳ್ಳುತ್ತಾರೆ, ಕೀಲಿ ಕೊಟ್ಟು ಓಡಿಸುವ ಅಪ್ಪನ ಕ್ಯಾಮೆರಾ ಮಾತ್ರ ಯಾರ ಕಣ್ಣಿಗೂ ಕ್ಯಾಮೆರಾದಂತೆ ಕಾಣುವುದಿಲ್ಲ. ಊಟದ ಡಬ್ಬಿಯ ಪಕ್ಕದಲ್ಲಿ ಅದೂ ಒಂದು ಡಬ್ಬಿ.

ಈ ಫಿಲ್ಮಿನದೊಂದು ವಿಚಿತ್ರ ಹೇಳಿಬಿಡಬೇಕು. ಒಂದು ಸಲಕ್ಕೆ ಅದರ ಅಗಲದಲ್ಲಿ ಅರ್ಧ ಮಾತ್ರ ಬೆಳಕು ಕಾಣುತ್ತದೆ. ಒಂದು ಬದಿ ಮುಗಿಯುವಷ್ಟರಲ್ಲಿ ಫಿಲ್ಮೆಲ್ಲ ಮೇಲಿನ ಸುರುಳಿಯಿಂದ ಕೆಳಗಿನ ಸುರುಳಿಗೆ ಬಂದಿರುತ್ತದೆ. ಆ ತುಂಬಿದ ಸುರುಳಿಯನ್ನೇ ಮಗುಚಿ ಮೇಲೆ ಹಾಕಿದರೆ ಎರಡನೇ ಬದಿ. ತೊಳೆದಾದ ಮೇಲೆ ಉದ್ದಕ್ಕೆ ಸೀಳಿ ಎರಡು ಮಾಡುತ್ತಾರೆ. ಸೀಳುವುದು ಬಾವಲಿ ಅಣ್ಣನ ಕೈಯಲ್ಲಿ.

ಶನಿವಾರ ಸಂಜೆಯ ಬಿಸಿಲಿನಲ್ಲಿ ಗೇಟಿನ ಹೆಂಗಸರನ್ನು ಮೊದಲ ಬದಿಗೆ ತೆಗೆದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾವಲುಗಾರ ಮಾಮ ಸುಟ್ಟ ಕಟ್ಟಡದೊಳಕ್ಕೆ ಕರೆದುಕೊಂಡು ಹೋದ. ಸೂರಿನ ಗಾಜಿನಿಂದ ಬೆಳಕು ನೇರವಾಗಿ ಬಾಗಿಲಿನ ಮೇಲೆ ಬೀಳುತ್ತಿತ್ತು. ಚೌಕಟ್ಟಿನ ಉದ್ದಕ್ಕೂ ಬಾಗಿಲನ್ನು ಬೆಸೆದ ವೆಲ್ಡಿಂಗಿನ ಗಂಟುಗಳು. ಕೆಳಗೆ, ಒಳಬದಿಯಲ್ಲಿ, ಒದ್ದು ಒದ್ದು ಬಿದ್ದ ತಗ್ಗುಗಳು. ಮಂಡಿಯೂರಿ, ರೀಲು ಮುಗಿಯುವವರೆಗೆ ಕ್ಯಾಮೆರಾ ಓಡಿಸಿದೆ. ಮಧ್ಯಾಹ್ನವೇ ರೀಲನ್ನು ಬಾವಲಿ ಅಣ್ಣನಿಗೆ ಮುಟ್ಟಿಸಿದೆ. ಬುಧವಾರ ಆ ಬಾಗಿಲನ್ನು ಕಿತ್ತು ಗೋಡೆ ಎಬ್ಬಿಸಿಬಿಟ್ಟರು. ಕಾವಲುಗಾರನ ಫೋನು ಸತ್ತುಹೋಗಿತ್ತು. ಗುರುವಾರ ನನ್ನ ಕೈಗೆ ಇದ್ದಿಲು ಬಂತು.

ಹೇಳಿ, ಯಾರಿಗೆ ಅನುಮಾನ ಬರುವುದಿಲ್ಲ? ರೀಲನ್ನು ಮುಟ್ಟಿದವರು ಮೂವರೇ, ನಾನು, ಅಪ್ಪ, ಬಾವಲಿ ಅಣ್ಣ. ಅಪ್ಪನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಡಬ್ಬಿ ಹಿಡಿದು ಬಾವಲಿ ಅಣ್ಣನ ಅಂಗಡಿಗೆ ಹೊರಟೆ. ದಾರಿಯಲ್ಲಿ ಇಸ್ತ್ರಿ ಅಂಗಡಿಯವನು ನನ್ನನ್ನು ಕಂಡಕೂಡಲೇ ಫೋನನ್ನು ಕಿವಿಗಿಟ್ಟ. ನಿಂತು ಕೇಳಿಸಿಕೊಂಡೆ. ಅವರಮ್ಮನಿಗೆ ಮಾತ್ರೆ ನೆನಪಿಸುತ್ತಿದ್ದ.

ಬಾವಲಿ ಅಣ್ಣ ಒಂದು ಕಾಲಕ್ಕೆ ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿತವರು. ದಿನವಿಡೀ ಕತ್ತಲೆ ಕೋಣೆಯಲ್ಲಿರುತ್ತಾರೆಂದು ಆ ಹೆಸರು. ಇಂಥ ಫಿಲ್ಮನ್ನು ತೊಳೆಯುವವರು ನಮ್ಮ ಕಡೆ ಅವರೊಬ್ಬರೇ ಉಳಿದಿರುವುದು. ಅಂಗಡಿಯ ತುಂಬ ಹುಳಿ ವಾಸನೆ, ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಫಿಲ್ಮುಗಳು, ಮೂಲೆಯಲ್ಲಿ ಹಿಂದೆಂದೂ ನೋಡಿರದ ಒಂದು ಫ್ರಿಜ್ಜು. ನನ್ನ ಕಣ್ಣು ಅದರ ಮೇಲೇ ನೆಟ್ಟಿತು.

“ಅಣ್ಣ, ಈ ಫ್ರಿಜ್ಜು ಯಾವಾಗ ಬಂತು?”

“ಹೋದ ತಿಂಗಳು. ಸೆಕೆಗೆ ಕೆಮಿಕಲ್ ಕೆಡುತ್ತೆ ಅಂತ ಭಾವಮೈದ ಅವನ ಹಳೇದು ಕೊಟ್ಟ. ಯಾಕಮ್ಮ?”

“ಭಾವಮೈದ ಎಲ್ಲಿ ಕೆಲಸ ಮಾಡೋದು?”

ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ನಾನು ಎರಡು ಸುರುಳಿಗಳನ್ನೂ ಮೇಜಿನ ಮೇಲಿಟ್ಟೆ. ಕಪ್ಪಗಿದ್ದದ್ದನ್ನು ಮುಟ್ಟಲಿಲ್ಲ ಅವರು. ಬಿಳಿಚಿದ್ದನ್ನು ಬಿಚ್ಚಿ ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ಗುರುಗಳು ಹುಷಾರಾಗಿದ್ದಾರಾ?” ಎಂದರು.

ಮಾತು ಮರೆಸುತ್ತಿದ್ದಾರೆ ಎಂದು ನನ್ನ ಮೈ ಉರಿದುಹೋಯಿತು. “ಅಪ್ಪನ ಸುದ್ದಿ ಬೇಡ. ನನ್ನ ಬಾಗಿಲು ಎಲ್ಲಿ?”

“ಬಂದಿದ್ದನ್ನ ತೊಳೆದು ಕೊಟ್ಟಿದೀನಿ ತಂಗಿ. ಮನೇಲಿ ಕೂತು ಒಂದ್ಸಲ ನಿಧಾನಕ್ಕೆ ನೋಡು.”

“ಅಪ್ಪನ ಕೈಲಿ ಕೆಲಸ ಕಲಿತು ಅಪ್ಪನ ಮಗಳಿಗೇ ಕೈ ಕೊಟ್ಟೆಯಲ್ಲ. ಯಾರಿಗೆ ಮಾರಿಕೊಂಡೆ?”

ಹುಟ್ಟಿದಾಗಿನಿಂದ ಅವರನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಗಂಡ ಹೆಂಡತಿ ನೆಲ ನೋಡತೊಡಗಿದರು. ಬಾವಲಿ ಅಣ್ಣ ಫಿಲ್ಮನ್ನು ಜೋಪಾನವಾಗಿ ಸುತ್ತಿ ಡಬ್ಬಿಗೆ ಹಾಕಿ ನನ್ನ ಕೈಗಿತ್ತರು.

“ಇನ್ಮೇಲೆ ನಿನ್ನ ರೀಲನ್ನ ಬೇರೆ ಎಲ್ಲಾದ್ರೂ ತೊಳಿಸ್ಕೋಮ್ಮ,” ಎಂದರು.

ಮನೆಗೆ ಬಂದವಳು ಡಬ್ಬಿಯನ್ನು ಅಪ್ಪನ ಮುಂದೆ ಕುಕ್ಕಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಕಪ್ಪು ಸುರುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ಶಿಷ್ಯನೇ ಹೀಗೆ ಮಾಡಿದನಲ್ಲ ಎಂದು ನೊಂದುಕೊಂಡಿದ್ದಾನೆ ಅಂದುಕೊಂಡೆ.

ಮುಂದಿನ ಮೂರು ದಿನ ನನಗಿದ್ದದ್ದು ಒಂದೇ ಕೆಲಸ. ಬಾವಲಿ ಅಣ್ಣ ಫಿಲ್ಮಿಗೆ ಏನು ಮಾಡಿದ್ದಾರೆಂದು ಕಂಡುಹಿಡಿದು ಅವರ ಮುಖಕ್ಕೆ ಹಿಡಿಯಬೇಕು. ಗೇಟಿನ ಹೆಂಗಸರನ್ನು ನಾನು ಸರಿಯಾದ ಬೆಳಕಿನಲ್ಲೇ ತೆಗೆದಿದ್ದೆ, ಬಿಳಿಚಿಕೊಳ್ಳಲು ಕಾರಣವಿರಲಿಲ್ಲ. ಬೇಕೆಂದೇ ಕೆಡಿಸಿದ್ದಾರೆ ಎಂದುಕೊಂಡು, ಅಪ್ಪ ಹಿಂದೆ ಫೋಟೋ ತಿದ್ದುತ್ತಿದ್ದ ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಭೂತಗನ್ನಡಿಯಲ್ಲಿ ಒಂದೊಂದೇ ಚೌಕ ನೋಡುತ್ತ ಹೋದೆ. ಕತ್ತು ಹಿಡಿದುಕೊಂಡಿತು. ಭಾನುವಾರ ಮಧ್ಯಾಹ್ನ, ಹಸಿರು ಸೆರಗಿನ ಹೆಂಗಸೊಬ್ಬಳ ಕೆನ್ನೆಯ ಮೇಲೆ ಸಾಲಾಗಿ ಗಂಟುಗಳು ಕಂಡವು. ಕಲೆ ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಮುಂದಿನ ಚೌಕದಲ್ಲೂ ಇದ್ದವು. ಅವಳ ಚಪ್ಪಲಿಗಳ ಸುತ್ತ ತಗ್ಗುಗಳಿದ್ದವು.

ಬಾಗಿಲು ಇಲ್ಲೇ ಇತ್ತು. ಶನಿವಾರದ ಬಿಸಿಲು ಅದನ್ನು ಮುಕ್ಕಾಲು ನುಂಗಿಹಾಕಿತ್ತು. ನೋಡಿದವರು ಏನು ಚೆಂದ ಬಂದಿದೆ ಎನ್ನಬಹುದು. ನನಗೆ ಚೆಂದ ಬೇಕಿರಲಿಲ್ಲ, ವೆಲ್ಡಿಂಗು ಕಾಣಬೇಕಿತ್ತು. ಯಾವ ಅಧಿಕಾರಿಯ ಮುಂದೆ ಇಟ್ಟರೂ ಇದು ಬಾಗಿಲೆಂದು ಒಪ್ಪುವುದಿಲ್ಲ, ಮತ್ತೆ ತೆಗೆಯೋಣವೆಂದರೆ ಅಲ್ಲಿ ಈಗ ಗೋಡೆ. ಚಿಕ್ಕಮ್ಮನನ್ನು ಇನ್ನೊಂದು ಸಲ ಕಳೆದುಕೊಂಡಂತಾಗಿ ಮೇಜಿಗೆ ತಲೆಯಿಟ್ಟು ಅತ್ತೆ.

ಅತ್ತು ಮುಗಿದ ಮೇಲೆ ತಲೆ ಓಡಿತು. ಒಂದೇ ಬದಿ ಎರಡು ಸಲ ಬೆಳಕು ಕಂಡಿದೆ. ಹಾಗಾಗಬೇಕಾದರೆ ಯಾರೋ ಫಿಲ್ಮನ್ನು ಮೊದಲಿನ ಸುರುಳಿಗೇ ಹಿಂದಕ್ಕೆ ಸುತ್ತಿರಬೇಕು. ಶನಿವಾರ ನಾನು ಜ್ವರದಲ್ಲಿ ಮನೆಗೆ ಬಂದು ಹಾಸಿಗೆ ಹಿಡಿದಿದ್ದೆ. ಎರಡನೇ ಬದಿ ನಾನು ಹಾಕಿಡ್ತೀನಿ, ನೀನು ಮಲಕ್ಕೋ ಎಂದಿದ್ದ ಅಪ್ಪ.

ಅವನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ.

“ಅಪ್ಪ, ಅವತ್ತು ರೀಲನ್ನ ಹಿಂದಕ್ಕೆ ಸುತ್ತಿದ್ಯಾ?”

ನಲ್ಲಿ ನಿಲ್ಲಿಸಿ, ತಿರುಗದೆಯೇ ಹೇಳಿದ. “ಸುತ್ತಿದೆ. ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈ ಹಾಕಿದೆ, ರೀಲು ಮುಗಿದಿದೆ ಅಂತ ಬೆರಳಿಗೆ ಗೊತ್ತಾಯ್ತು. ಸ್ಟುಡಿಯೋದಲ್ಲಿ ನಲವತ್ತು ವರ್ಷ ಮುಗಿದ ಫೋಟೋ ರೀಲನ್ನ ಹಿಂದಕ್ಕೆ ಸುತ್ತಿದ ಕೈ ಇದು. ಅದರ ಪಾಡಿಗೆ ಅದು ಸುತ್ತಿಬಿಡ್ತು. ಮಗುಚಬೇಕಿತ್ತು ಅಂತ ಹೊಳೆದಿದ್ದು ನೀನು ಇದ್ದಿಲು ತಂದು ಮುಂದಿಟ್ಟಾಗ.”

“ಗುರುವಾರದಿಂದ ಗೊತ್ತಿತ್ತು ನಿಂಗೆ. ಅಣ್ಣಂಗೆ ನಾನು ಬಾಯಿಗೆ ಬಂದಂಗೆ ಅಂದು ಬಂದಿದ್ದೂ ಗೊತ್ತಿತ್ತು.”

“ಅವನಿಗೆ ರೀಲು ನೋಡಿದ ತಕ್ಷಣ ಗೊತ್ತಾಗಿದೆ. ಅವತ್ತೇ ರಾತ್ರಿ ಫೋನ್ ಮಾಡಿದ್ದ. ನೀವೇ ಹೇಳಿ ಗುರುಗಳೇ, ನಾನು ಹೇಳಿದ್ರೆ ನಿಮ್ಮ ಮೇಲೆ ಹಾಕ್ತಿದೀನಿ ಅಂದ್ಕೋತಾಳೆ ಅಂದ.” ಅಪ್ಪ ಈಗ ನನ್ನ ಕಡೆ ತಿರುಗಿದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. “ದಿನಾ ಹೇಳೋಣ ಅಂತ ಬಂದು ಬಾಗಿಲಲ್ಲಿ ನಿಲ್ತಿದ್ದೆ. ಭಯ ಆಗಿ ವಾಪಸ್ ಹೋಗ್ತಿದ್ದೆ.”

“ನನ್ನ ಕಂಡ್ರೆ ನಿಂಗ್ಯಾಕೆ ಭಯ?”

ಅವನು ತೊಳೆದ ತಟ್ಟೆಯನ್ನು ಎತ್ತಿ ಗೂಡಿಗೆ ಇಟ್ಟ. ಆಗ ನಾನು ಸುಮ್ಮನಿರಬಹುದಿತ್ತು. ಎಪ್ಪತ್ತು ದಾಟಿದ ಕೈ, ಮಗಳಿಗೆ ಜ್ವರವೆಂದು ಸಹಾಯಕ್ಕೆ ಹೋದ ಕೈ. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ನನ್ನ ಕಣ್ಣು ಅವನ ಮುಖವನ್ನು ಹುಡುಕುತ್ತಿತ್ತು, ಬಾವಲಿ ಅಣ್ಣನ ಅಂಗಡಿಯಲ್ಲಿ ಹುಡುಕಿದ ಹಾಗೆಯೇ. ನಾಲಿಗೆ ನನ್ನ ಅಪ್ಪಣೆ ಕೇಳಲಿಲ್ಲ.

“ಹಿಂದಕ್ಕೆ ಸುತ್ತು ಅಂತ ನಿಂಗೆ ಹೇಳಿಕೊಟ್ಟಿದ್ದು ಯಾರು?”

ಅಪ್ಪ ಒದ್ದೆ ಕೈಯನ್ನು ನಿಧಾನವಾಗಿ ಪಂಚೆಗೆ ಒರೆಸಿಕೊಂಡ.

“ಭಯ ಇದಕ್ಕೇ ಮಗಳೇ,” ಎಂದ.