ಜ್ವರ ಹೇಳಿದರೂ ಮುಚ್ಚದ ಗೇಟು

ಗಡಿಯ ಗೇಟು ಮುಚ್ಚಿದರೆ ನಮ್ಮ ಊರಲ್ಲಿ ಮೊದಲು ಖಾಲಿಯಾಗುವುದು ಔಷಧಿ ಅಂಗಡಿ. ಇನ್ಸುಲಿನ್ ಬರುವುದು ಆಚೆಯ ದೇಶದಿಂದ. ಅದನ್ನು ತರುವ ಲಾರಿ ಡ್ರೈವರಿಗೇ ಈಗ ಜ್ವರ. ಅವನ ತಾಯಿಗೆ ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಮನೆಯಲ್ಲಿ ಉಳಿದಿದ್ದು ಮೂರು ದಿನಕ್ಕಾಗುವಷ್ಟು.

ಬೆಳಿಗ್ಗೆ ಊರಿನ ನರ್ಸಕ್ಕ ಅವನ ಮನೆಗೆ ಬಂದಾಗ ಡ್ರೈವರ್ ಬೂಟು ಹಾಕಿಕೊಳ್ಳುತ್ತಿದ್ದ.

"ಕಣ್ಣು ಕೆಂಡ ಆಗಿದೆ. ಎಲ್ಲಿಗಪ್ಪ ಸವಾರಿ?"

"ಜ್ವರ ಏನಿಲ್ಲ. ನಿನ್ನೆ ಗೇಟಿನವರು ಹಣೆ ಬಿಸಿ ಅಳೆದ್ರು, ಸರಿಯಾಗೇ ಇತ್ತು."

ಹೆಂಡತಿ ಒಳಗಿನಿಂದಲೇ ಅಂದಳು: "ಇರದೆ ಏನು? ಗೇಟಿಗೆ ಮುಂಚೆ ಲಾರಿ ನಿಲ್ಸಿ, ಹಣೆಗೆ ಒದ್ದೆ ಬಟ್ಟೆ ಹಾಕ್ಕೊಂಡು ಕೂತಿದ್ರು ಮಹಾನುಭಾವರು. ಡ್ರೈವರುಗಳೆಲ್ಲ ಅದೇ ವಿದ್ಯೆ ಕಲಿತಿದ್ದಾರೆ."

"ನೀನು ಸುಮ್ನಿರೇ! ನರ್ಸಕ್ಕ, ಹೋದ ತಿಂಗಳು ಏನಾಯ್ತು? ಆ ಕಡೆ ಸೋಂಕು ಅಂತ ನಾವು ಗೇಟು ಹಾಕಿದ್ವಿ. ಅವರು ಔಷಧಿ ನಿಲ್ಸಿದ್ರು. ನಾವು ಗೋಧಿ ನಿಲ್ಸಿದ್ವಿ. ಮೂರನೇ ದಿನಕ್ಕೆ ಎರಡೂ ಕಡೆ ಬಂದೂಕು ಬಂದ್ವು. ಈಗ ನಾನು ಬಾಯಿ ಬಿಟ್ರೆ ನಮ್ಮಮ್ಮನ ಗತಿ?"

"ಅವತ್ತು ಅವರು ಸೋಂಕಿನ ಸುದ್ದಿನ ಹತ್ತು ದಿನ ಮುಚ್ಚಿಟ್ಟಿದ್ರು, ಅದಕ್ಕೆ ನಮ್ಮವರು ರೇಗಿದ್ದು. ಈಗ ಒಪ್ಪಂದ ಆಗಿದೆ. ಯಾರಿಗೆ ಜ್ವರ ಅಂತ ನಾನು ದಿನಾ ಆಚೆ ನರ್ಸಿಗೆ ಫೋನ್ ಮಾಡಿ ಹೇಳ್ಬೇಕು, ಅವಳೂ ಹೇಳ್ಬೇಕು. ಜ್ವರ ಬಂದ ಡ್ರೈವರ್ ಮನೇಲಿ, ಲಾರಿ ಇನ್ನೊಬ್ಬನ ಕೈಲಿ. ಸರಕು ನಿಲ್ಲಲ್ಲ."

"ಒಪ್ಪಂದ ಆಗಿ ವಾರ ಆಯ್ತು. ಒಬ್ಬನಾದ್ರೂ ಹೇಳಿದ್ದಾನಾ?"

"ಯಾರಾದ್ರೂ ಮೊದಲು ಹೇಳ್ಬೇಕಲ್ಲಪ್ಪ."

ಆಗ ಕೋಣೆಯಿಂದ ತಾಯಿಯ ದನಿ ಬಂತು: "ನನ್ನ ಹೆಸರು ಹೇಳ್ಕೊಂಡು ಎರಡು ದೇಶಕ್ಕೆ ಜ್ವರ ಹಂಚಬೇಡ ಕಣೋ. ಬೂಟು ಬಿಚ್ಚು."

ಬಿಚ್ಚಿದ. ಗೇಟಿನಾಚೆ ತನ್ನ ಜೊತೆ ಚಹಾ ಕುಡಿದ ಆರು ಜನ ಯಾರೆಂದೂ ಹೇಳಿದ. ನರ್ಸಕ್ಕ ಅಲ್ಲೇ ನಿಂತು ಫೋನ್ ಮಾಡಿದಳು.

ಆಚೆಯ ನರ್ಸ್ ನಕ್ಕುಬಿಟ್ಟಳು. "ವಾರದಿಂದ ಜ್ವರದ ಲೆಕ್ಕ ನಿಮ್ಮದೂ ಸೊನ್ನೆ, ನಮ್ಮದೂ ಸೊನ್ನೆ. ನಂಗೆ ನಂಬಿಕೆನೇ ಇರ್ಲಿಲ್ಲ. ಈಗ ಬಂತು ನೋಡಿ."

ಸಂಜೆಯೊಳಗೆ ಆ ಆರು ಜನರ ಪರೀಕ್ಷೆಯಾಯಿತು. ಇಬ್ಬರಿಗೆ ಸೋಂಕಿತ್ತು, ಅವರೂ ಮನೆ ಸೇರಿದರು. ಗೇಟು ಮುಚ್ಚಲಿಲ್ಲ. ಮಾರನೆಯ ದಿನ ಇನ್ಸುಲಿನ್ ಲಾರಿ ಗೇಟಿನಲ್ಲಿ ನಿಂತಿತು. ಆಚೆಯ ಡ್ರೈವರ್ ಸ್ಟೇರಿಂಗ್ ಒರೆಸಿ ಇಳಿದ, ಈಚೆಯ ಇನ್ನೊಬ್ಬ ಡ್ರೈವರ್ ಹತ್ತಿದ. ಮಧ್ಯಾಹ್ನಕ್ಕೆ ತಾಯಿಯ ಕೈಗೆ ಔಷಧಿ ಸಿಕ್ಕಿತು.

ಆ ವಾರ ಆ ಕಡೆ ಹನ್ನೊಂದು, ಈ ಕಡೆ ಒಂಬತ್ತು ಡ್ರೈವರುಗಳು ತಾವಾಗಿಯೇ ಜ್ವರ ಹೇಳಿಕೊಂಡರು. ತಿಂಗಳ ಕೊನೆಗೆ ಎರಡೂ ಸರ್ಕಾರಗಳು ಸೈನಿಕರನ್ನು ವಾಪಸು ಕರೆಸಿಕೊಂಡವು. ಅವರ ವಾಹನಗಳು ಹೊರಟಾಗ ಊರಿಗೆ ಊರೇ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ಸಿಳ್ಳೆ ಹೊಡೆಯಿತು. ಸೈನಿಕರೂ ಕೈ ಬೀಸಿದರು. ಅವರಿಗೂ ಮನೆಗಳಿದ್ದವು.

ಇದನ್ನು ಓದುತ್ತಿರುವ ನೀವು, ಜ್ವರ ಬಂದರೆ ಆ ದಿನವೇ ಹೇಳಿ. ಯಾರ ಜೊತೆ ಇದ್ದಿರಿ ಎಂಬುದನ್ನೂ ಹೇಳಿ. ಗುಣವಾಗುವ ತನಕ ಮನೆಯಲ್ಲಿರಿ. ಪಕ್ಕದ ದೇಶ ನಮ್ಮ ದೇಶದ ಮಾತು ನಂಬಬೇಕಾದರೆ, ಆ ಮಾತು ನಿಮ್ಮ ಬಾಯಿಂದಲೇ ಹೊರಡಬೇಕು.