ನಬೀಲರ ಗಾಜಿನ ಹೊಲಿಗೆ

ನಬೀಲ್ ಬರಿಗೈಯಲ್ಲಿ ನಡೆದುಬರುವಾಗಲೂ ಎರಡು ತೋಳುಗಳನ್ನು ಮೈಯಿಂದ ಗೇಣುದೂರ ಹಿಡಿದು, ಪ್ರತಿ ಬಾಗಿಲಲ್ಲೂ ಒಂದು ಕ್ಷಣ ಅಡ್ಡ ತಿರುಗಿ ಒಳಸೇರುತ್ತಿದ್ದರು. ನಲವತ್ತು ವರ್ಷ ಗಾಜಿನ ಹಾಳೆ ಹೊತ್ತ ದೇಹಕ್ಕೆ ಹೊರೆ ಇಳಿಸಿದ ಸುದ್ದಿ ಮುಟ್ಟಿಯೇ ಇರಲಿಲ್ಲ. ಪರ್ತ್‌ನ ಜನವರಿ ಬೇಸಿಗೆಯ ಉರಿಯಲ್ಲೂ ಮೈಮೇಲೆ ಅಲ್ಲಲ್ಲಿ ಸುಟ್ಟು ತೂತಾದ ಕಂದು ಕೋಟು. ದೇವರಮನೆಯ ಬಾಗಿಲಿನ ಒಡೆದ ಗಾಜು ಬದಲಿಸಲು ಕ್ಯಾನಿಂಗ್ ವೇಲ್‌ನ ಅವರ ಅಂಗಡಿಗೆ ಮೊದಲ ಸಲ ಹೋದಾಗ ನನ್ನ ಹೆಂಡತಿ ರುಕ್ಮಿಣಿ, "ಏನ್ರೀ ಇವ್ರು, ಈ ಸೆಖೇಲಿ ಕೋಟು ಹಾಕ್ಕೊಂಡು ನಿಂತ್ಬಿಟ್ಟಿದಾರೆ!" ಎಂದು ಪಿಸುಗುಟ್ಟಿದ್ದಳು. ಭೂವಿಜ್ಞಾನಿಯಾದ ನನಗೆ ಕಲ್ಲಿನ ಸಹವಾಸವೇ ಹೆಚ್ಚು. ಆದರೂ ಈ ಗಾಜಿನ ಮನುಷ್ಯ ಅಂದೇ ಹಿಡಿಸಿಬಿಟ್ಟರು.

ಹೊಟ್ಟೆಪಾಡಿಗೆ ಕಿಟಕಿಯ ಗಾಜು, ಬಚ್ಚಲುಮನೆಯ ಗಾಜು. ಹಿಂದಿನ ಕೋಣೆಯಲ್ಲಿ ಮಾತ್ರ ಬೇರೊಂದು ಲೋಕ. ಅವರು ಪ್ಯಾಲೆಸ್ಟೀನಿನವರು, ಗಾಜೂದುವ ಕುಲುಮೆಗಳಿಗೆ ಹೆಸರಾದ ಹೆಬ್ರಾನ್ ಕಡೆಯ ಒಂದು ಹಳ್ಳಿಯವರು. ಆ ಸೀಮೆಯಲ್ಲಿ ಹೆಂಗಸಿನ ನಿಲುವಂಗಿಯ ಎದೆಯ ಕಸೂತಿ ನೋಡಿಯೇ ಊರು ಹೇಳುತ್ತಿದ್ದರಂತೆ. ತಾಯಿ ರಸ್ಮಿಯಾ ಮದುವೆಗೆಂದು ತಾವೇ ಹೊಲಿದಿದ್ದ ಅಂಗಿ, ಅರವತ್ತೇಳರ ಯುದ್ಧದಲ್ಲಿ ಊರು ಬಿಡುವಾಗ ಹಿಂದೆ ಉಳಿದುಹೋಯಿತು. ನಬೀಲರಿಗೆ ಆಗ ಮೂರು ವರ್ಷ; ಮರಳಿ ಹೋಗಲು ಅವರನ್ನು ಬಿಡಲೇ ಇಲ್ಲ. ಆ ವಿನ್ಯಾಸ ಈಗ ಉಳಿದಿದ್ದುದು ಅಡಿಲೇಡಿನಲ್ಲಿ ಮಗಳ ಜೊತೆಗಿದ್ದ ಎಂಬತ್ತೆರಡರ ಆ ವೃದ್ಧೆಯ ಸ್ಮೃತಿಯಲ್ಲಿ ಮಾತ್ರ. ಆಕೆಯ ದೃಷ್ಟಿಯೋ ದಿನೇ ದಿನೇ ಮಂಜಾಗುತ್ತಿತ್ತು. ಆಕೆ ಫೋನಿನಲ್ಲಿ "ಕೆಂಪು ಮೂರು, ಕಪ್ಪು ಒಂದು" ಎಂದು ಎಣಿಸಿ ಹೇಳುವುದು, ಇವರು ಒಂದು ಹೊಲಿಗೆಗೆ ಒಂದರಂತೆ ಅಕ್ಕಿಕಾಳಿನಷ್ಟು ಗಾಜಿನ ಚೂರುಗಳನ್ನು ಗಾಜಿನ ಫಲಕದ ಮೇಲೆ ಜೋಡಿಸಿ ಕುಲುಮೆಯಲ್ಲಿ ಬೆಸೆಯುವುದು. ಕಣ್ಣಲ್ಲಿ ಬೆಳಕಿರುವಾಗಲೇ ಆಕೆಗೆ ತೋರಿಸಿ "ಸರಿಯಿದೆ" ಎನ್ನಿಸಿಕೊಳ್ಳಬೇಕು, ಆಮೇಲೆ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಗ್ಯಾಲರಿಗೆ ಕಳಿಸಬೇಕು. ಇಷ್ಟೇ ಅವರ ಆಸೆ.

ಮಾತುಮಾತಿಗೆ "ಶ್ವಯ್ ಶ್ವಯ್", ನಿಧಾನ ನಿಧಾನ, ಎನ್ನುತ್ತಿದ್ದ ಮನುಷ್ಯ. ಕುಲುಮೆಯೊಳಗೆ ಗಾಜು ಎರಡು ದಿನ ತನ್ನಷ್ಟಕ್ಕೆ ತಾನೇ ಆರಬೇಕು, ಅವಸರಪಡಿಸಿದರೆ ಬಿರಿಯುತ್ತದೆ ಎಂದು ನನಗೆ ಪಾಠ ಹೇಳಿದವರೂ ಅವರೇ. ಅಂಥವರು, ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಿಂದ ತಂಗಿ ಫೋನು ಮಾಡಿ ಅಮ್ಮನ ಕಣ್ಣು ಇನ್ನು ಕೆಲವೇ ದಿನ ಎಂದಾಗ, ಅರ್ಧ ದಿನ ಮೊದಲೇ ಕುಲುಮೆಯ ಬಾಗಿಲು ತೆರೆದುಬಿಟ್ಟರು. ಟಿಣ್ ಎಂದು ಒಂದೇ ಸದ್ದು. ಫಲಕದ ಮೂಲೆಯಿಂದ ಮೂಲೆಗೆ ಬಿರುಕು.

ಆದರೂ ಹೊರಟರು. ಮನಸ್ಸು ತಡೆಯದೆ ನಾನೂ ಜೊತೆಗೆ ಹೋದೆ. ವಿಮಾನದುದ್ದಕ್ಕೂ ಫಲಕವನ್ನು ಕೋಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ನಾವು ಮುಟ್ಟುವಷ್ಟರಲ್ಲಿ ರಸ್ಮಿಯಾರಿಗೆ ಕಿಟಕಿಯ ಬೆಳಕಷ್ಟೇ ಕಾಣುತ್ತಿತ್ತು. ಉಬ್ಬಿ ನಿಂತ ಗಾಜಿನ ಹೊಲಿಗೆಗಳ ಮೇಲೆ ಬೆರಳಾಡಿಸುತ್ತ ಸಾಲುಸಾಲಾಗಿ ಎಣಿಸಿದರು. ಬಿರುಕಿನ ಮೇಲೆ ಬೆರಳು ಹಾದರೂ ಎಣಿಕೆ ಮುಂದುವರಿಸಿದರು. ಏಳನೆಯ ಸಾಲಿನಲ್ಲಿ ಬೆರಳು ನಿಲ್ಲಿಸಿ ಅರಬ್ಬಿಯಲ್ಲಿ ಏನೋ ಗದರಿದರು. ನಬೀಲ್ ತಲೆ ತಗ್ಗಿಸಿ ನನಗೆ ಇಂಗ್ಲಿಷಿನಲ್ಲಿ ಹೇಳಿದರು: "ಇಲ್ಲಿ ಒಂದು ಹೊಲಿಗೆ ಕಮ್ಮಿಯಂತೆ. ಬಿಚ್ಚಿ ಮತ್ತೆ ಹಾಕು ಅಂತಾಳೆ."

"ಗಾಜು ಬಿಚ್ಚೋಕಾಗಲ್ಲ ಅಂತ ಹೇಳಿ," ಎಂದೆ.

"ಅಮ್ಮನಿಗೆ ಯಾರು ಹೇಳ್ತಾರೆ?" ಎಂದು ನಗಲು ಹೋದವರು ಅತ್ತುಬಿಟ್ಟರು.

ಪ್ರದರ್ಶನಕ್ಕೆ ಒಂಬತ್ತೇ ದಿನವಿತ್ತು. ಬಿರುಕೂ ಒಂದು ಸೊಗಸು, ಒಂದು ಹೊಲಿಗೆ ಯಾರ ಕಣ್ಣಿಗೆ ಬೀಳುತ್ತದೆ ಎಂದು ಗ್ಯಾಲರಿಯವರು ಒಲಿಸಿ ನೋಡಿದರು. ನಾಚಿಕೆಯಿಲ್ಲದೆ ನಾನೂ ದನಿಗೂಡಿಸಿದೆ. ನಬೀಲ್ ಜಗ್ಗಲಿಲ್ಲ, ಬ್ರಿಸ್ಬೇನಿನ ಗೋಡೆ ಆ ಸಲ ಖಾಲಿ ಉಳಿಯಿತು. ನಾಲ್ಕು ತಿಂಗಳು ಕೂತು ಮೊದಲಿನಿಂದ ಮಾಡಿದ ಇನ್ನೊಂದು ಫಲಕವನ್ನು ತಾಯಿ ಕೊನೆಯ ಸಾಲಿನವರೆಗೂ ಎಣಿಸಿ, ಅದರ ಮೇಲೆ ಅಂಗೈಯೂರಿ "ಸರಿಯಿದೆ" ಎಂದರಂತೆ.

ನಾನು ರಜೆ ಸಿಕ್ಕಾಗಲೆಲ್ಲ ಮೈಸೂರಿಗೆ ಹೋಗಿಬರುವವನು. ಹಬ್ಬಕ್ಕೆ ಮಾವಿನೆಲೆ ಸಿಗದಿದ್ದರೆ ಇಲ್ಲಿಯದೇ ಯಾವುದೋ ಎಲೆ ಕಟ್ಟಿ, ನಮ್ಮಲ್ಲೂ ಹೆಚ್ಚುಕಡಿಮೆ ಹೀಗೇ ಅಲ್ಲವೇ ಎಂದು ಸಮಾಧಾನಪಡುವವನು. ಹೆಚ್ಚುಕಡಿಮೆ ಎಂಬುದು ಹಿಂದಿರುಗಬಲ್ಲವರ ಸುಖ. ಹಿಂದಿರುಗಲಾರದವರು ಒಂದು ಹೊಲಿಗೆಯನ್ನೂ ಬಿಟ್ಟುಕೊಡುವುದಿಲ್ಲ. ಅವರಿಗೆ ಊರೆಂದು ಉಳಿದಿರುವುದು ಆ ಎಣಿಕೆಯೊಂದೇ.